ಹಲ್ಲು ಕಡಿಯುವ ಗೃಹಸ್ಥ

ನಿದ್ದೆಯಲ್ಲಿ ಹಲ್ಲು ಕಡಿಯುವವನಿಗೆ ತಾನು ಕಡಿಯುವುದು ಗೊತ್ತಿರುವುದಿಲ್ಲ. ಸದ್ದು ಕೇಳುವುದು ಪಕ್ಕದಲ್ಲಿ ಮಲಗಿದವರಿಗೆ. ಹಾಗಾಗಿ ಈ ಗೃಹಸ್ಥನ ಚರಿತ್ರೆ ಹೆಂಡತಿಯ ದೂರಿನಿಂದಲೇ ಶುರುವಾಗುತ್ತದೆ. "ರೀ, ರಾತ್ರಿಯೆಲ್ಲ ಒರಳಲ್ಲಿ ಕಲ್ಲುಸಕ್ಕರೆ ಕುಟ್ಟಿದಂಗೆ ಕೇಳುತ್ತೆ." ಉತ್ತರ ಎಲ್ಲ ತಾಲ್ಲೂಕುಗಳಲ್ಲೂ ಒಂದೇ: "ನಾನಾ? ಮೊದಲು ನಿನ್ನ ಗೊರಕೆ ನೋಡ್ಕೊ."

ವಯಸ್ಕರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ಅಭ್ಯಾಸವಿದೆ ಎಂಬುದು ವೈದ್ಯರ ಅಂದಾಜು. ಹಾಸನ ಜಿಲ್ಲೆಯ ಪಾಲಿನವರು ಹಗಲಲ್ಲಿ ಬಹಳ ಸೌಮ್ಯರು. ಅರಕಲಗೂಡು ಕಡೆಯವನು ಹೊಗೆಸೊಪ್ಪು ಬೆಳೆಗಾರ. ರಾಮನಾಥಪುರದ ತಂಬಾಕು ಹರಾಜಿನಲ್ಲಿ ತನ್ನ ಸೊಪ್ಪಿಗೆ ಕೂಗಿದ ದರ ಕೇಳಿ ಏನೂ ಅನ್ನದೆ ಬಸ್ಸು ಹತ್ತಿದವನು. ಚನ್ನರಾಯಪಟ್ಟಣದವನಿಗೆ ಹಲ್ಲು ಕಡಿಯಲು ತೆಂಗಿನಕಾಯಿ ರೇಟು ಸಾಕು. ಹೊಳೆನರಸೀಪುರದ ಮಾದರಿ ಮಾತ್ರ ವಿಶೇಷ. ಎಚ್.ಡಿ. ದೇವೇಗೌಡರು 1962ರಲ್ಲಿ ಮೊದಲ ಸಲ ವಿಧಾನಸಭೆಗೆ ಗೆದ್ದ ಕ್ಷೇತ್ರ ಅದು. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ರಾಜಕೀಯ ಪಂಡಿತರು. ಅವರ ನಡುವೆ ಕೂತ ಸರ್ಕಾರಿ ನೌಕರ ಬಾಯಿ ಬಿಡುವಂತಿಲ್ಲ. ಕಟ್ಟಿಟ್ಟ ಅಭಿಪ್ರಾಯವೆಲ್ಲ ರಾತ್ರಿ ಎರಡರ ಹೊತ್ತಿಗೆ ದವಡೆಗೆ ಇಳಿಯುತ್ತದೆ.

ವೈದ್ಯಶಾಸ್ತ್ರ ಇದನ್ನು ಅಷ್ಟು ರಸವತ್ತಾಗಿ ವಿವರಿಸುವುದಿಲ್ಲ. ತಿಳಿನಿದ್ದೆಯಲ್ಲಿ ಮೆದುಳು ಕೆಲವು ಸೆಕೆಂಡು ಅರೆಎಚ್ಚರಗೊಳ್ಳುತ್ತದೆ, ಎದೆಬಡಿತ ಏರುತ್ತದೆ, ಬೆನ್ನಿಗೇ ದವಡೆಯ ಸ್ನಾಯುಗಳು ಬಿಗಿಯುತ್ತವೆ. ಮನಸ್ಸಿನ ಒತ್ತಡ, ಮದ್ಯ, ತಂಬಾಕು, ಕಾಫಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇದನ್ನು ಹೆಚ್ಚಿಸಬಲ್ಲವು. ಸಕಲೇಶಪುರದ ಕಾಫಿಪುಡಿ ತಪ್ಪದೆ ಬರುವ ಮನೆಯಲ್ಲಿ "ಸಂಜೆ ಕಾಫಿ ಬಿಡಿ" ಎಂಬ ಸಲಹೆ ಸಲಹೆಯಾಗಿಯೇ ಉಳಿಯುತ್ತದೆ. ಗೃಹಸ್ಥನ ತಾಯಿಯ ನಿದಾನ ಬೇರೆ: "ಜಂತುಹುಳ ಕಣೋ." ಈ ಮಾತಿಗೆ ಗಟ್ಟಿ ಆಧಾರವಿಲ್ಲ, ಆದರೂ ಮಾತ್ರೆ ನುಂಗದೆ ವಿಧಿಯಿಲ್ಲ.

ಬೆಳಗ್ಗೆ ದವಡೆ ಭಾರ, ಕಣತಲೆ ನೋವು, ತಣ್ಣೀರು ತಾಕಿದರೆ ಹಲ್ಲು ಜುಮ್ಮೆನ್ನುವುದು ಇದರ ಲಕ್ಷಣಗಳು. ಗೃಹಸ್ಥ ಮೊದಲು ದಿಂಬು ಬದಲಿಸುತ್ತಾನೆ, ಆಮೇಲೆ ಕನ್ನಡಕ. ಒಂದು ದಿನ ನಿಪ್ಪಟ್ಟು ಕಡಿಯುವಾಗ ದವಡೆಹಲ್ಲಿನ ಚೂರು ಎದ್ದು ಬರುತ್ತದೆ. ತಪ್ಪು ನಿಪ್ಪಟ್ಟಿನದು, ಎಂದರೆ ಕರಿದವಳದು.

ಆಮೇಲೆ ಹಾಸನಕ್ಕೆ ಪ್ರಯಾಣ. ಹೊಳೆನರಸೀಪುರ, ಚನ್ನರಾಯಪಟ್ಟಣದವರಿಗೆ ರೈಲೂ ಉಂಟು. ಅರಕಲಗೂಡಿನವನಿಗೆ ಬಸ್ಸೇ ಗತಿ. ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇರುವ ಊರಿನಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಹಲ್ಲಿನ ಅಂಚು ಸವೆದು ಸಪಾಟಾದದ್ದನ್ನು ಡಾಕ್ಟರು ಕನ್ನಡಿಯಲ್ಲಿ ತೋರಿಸುತ್ತಾರೆ. ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಮೆತ್ತನೆಯ ಪೇಸ್ಟು ತುಂಬಿದ ಟ್ರೇ ಬಾಯಿಗಿಟ್ಟು ಅಳತೆ ತೆಗೆಯುವಾಗ "ಮೂಗಲ್ಲಿ ಉಸಿರಾಡಿ" ಎನ್ನುತ್ತಾರೆ. ಆ ಕ್ಷಣಕ್ಕೆ ಆತನಿಗೆ ಮೂಗಿರುವುದೇ ಮರೆತಿರುತ್ತದೆ. ಅಳತೆಯಿಂದ ಪ್ಲಾಸ್ಟರಿನ ಅಚ್ಚು, ಅಚ್ಚಿನ ಮೇಲೆ ರಾತ್ರಿ ಹಲ್ಲಿಗೆ ತೊಡಿಸುವ ನೈಟ್ ಗಾರ್ಡ್. ಮೆತ್ತನೆಯದೂ ಉಂಟು, ಅಕ್ರಿಲಿಕ್ಕಿನ ಗಟ್ಟಿಯದೂ ಉಂಟು. ಕಮ್ಮಿ ಬೆಲೆಯದು ಯಾವುದೆಂದು ಕೇಳಿ ಮೆತ್ತನೆಯದಕ್ಕೆ ಒಪ್ಪುತ್ತಾನೆ.

ಮೊದಲ ವಾರ ಯಾರಿಗೂ ಸುಖವಿಲ್ಲ. ಹೊಸ ವಸ್ತುವನ್ನು ಬಾಯಿ ತಿಂಡಿಯೆಂದೇ ಭಾವಿಸಿ ಜೊಲ್ಲು ಸುರಿಸುತ್ತದೆ. ದಿಂಬಿನ ಕವರು ದಿನವೂ ಒಗೆತಕ್ಕೆ. "ಇಷ್ಟು ಬೇಗ ಹಲ್ಲುಸೆಟ್ಟಾ?" ಎಂದು ತಾಯಿ ಮರುಗುತ್ತಾರೆ. ನಡುರಾತ್ರಿ ಅರಿವಿಲ್ಲದೆ ಕಿತ್ತೆಸೆದದ್ದು ಬೆಳಗ್ಗೆ ಹೊದಿಕೆಯ ಮಡಿಕೆಯಲ್ಲಿ ಸಿಗುತ್ತದೆ. ಮಾತಂತೂ ದುಬಾರಿ. "ಗೇಟಿಗೆ ಬೀಗ ಹಾಕಿದ್ರಾ?" ಎಂಬ ಪ್ರಶ್ನೆ ಸರಿಯಾಗಿ ಗಾರ್ಡ್ ಕೂರಿಸಿದ ಮೇಲೆಯೇ ಬರುತ್ತದೆ. ಕಳಚಬೇಕು, ಜೊಲ್ಲು ಒರೆಸಬೇಕು, ಉತ್ತರಿಸಬೇಕು, ತೊಳೆದು ಮತ್ತೆ ಕೂರಿಸಬೇಕು. ಮೂರನೆಯ ಪ್ರಶ್ನೆಗೆ ಆತ "ಹೂಂ" ಎನ್ನುವುದನ್ನು ಕಲಿಯುತ್ತಾನೆ. ಮನೆಯವರು ಇದನ್ನು ಆತನಿಗಿಂತ ಬೇಗ ಗಮನಿಸುತ್ತಾರೆ. ಮಗಳ ಕಾಲೇಜು ಟೂರು, ಮೈದುನನಿಗೆ ಕೈಸಾಲ, ಹೊಸ ಗ್ರೈಂಡರ್ ಎಲ್ಲವೂ ರಾತ್ರಿ ಹತ್ತರ ಮೇಲೆ ಮಂಡನೆಯಾಗಿ, "ಹೂಂ" ಬಲದಿಂದ ಅವಿರೋಧವಾಗಿ ಅಂಗೀಕಾರವಾಗುತ್ತವೆ.

ಎರಡು ವಾರದ ಸುಮಾರಿಗೆ ಬಾಯಿ ಒಗ್ಗಿಕೊಳ್ಳುತ್ತದೆ. ಆಮೇಲಿನ ಅಪಾಯಗಳು ಹೊರಗಿನವು. ಹಂಡೆಯ ಬಿಸಿನೀರಲ್ಲಿ ತೊಳೆದರೆ ಗಾರ್ಡ್ ಸೊಟ್ಟಗಾಗುತ್ತದೆ; ತಣ್ಣೀರು, ಮೆತ್ತನೆಯ ಬ್ರಷ್ಷು, ಗಾಳಿಯಾಡುವ ಡಬ್ಬಿ ಸಾಕು. ಪೇಪರಿನಲ್ಲಿ ಸುತ್ತಿಟ್ಟದ್ದು ಕಸದ ಗಾಡಿಗೆ ಹೋಗುತ್ತದೆ, ಮಂಚದ ಕೆಳಗೆ ಬಿದ್ದದ್ದನ್ನು ನಾಯಿ ಅಗಿಯುತ್ತದೆ. ಗಾರ್ಡ್ ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲಿಗೆ ಬದಲಾಗಿ ತಾನು ಸವೆಯುತ್ತದೆ ಎಂಬುದನ್ನೂ ಹೇಳಬೇಕು. ಗೊರಕೆ ಜೋರಾಗಿ, ನಡುವೆ ಉಸಿರು ಕಟ್ಟುವವರು ನಿದ್ದೆಯ ಪರೀಕ್ಷೆಯನ್ನೇ ಮಾಡಿಸಬೇಕಾಗುತ್ತದೆ.

ಕೆಲವು ತಿಂಗಳಲ್ಲಿ ಗಾರ್ಡಿನ ಮೇಲೆ ಗೀರು, ಗುಳಿ ಕಾಣಿಸುತ್ತವೆ. ಹೆಂಡತಿಯ ಮಾತು ನಂಬದವನು ಇದನ್ನು ನಂಬುತ್ತಾನೆ. ಅಲ್ಲಿಂದ ಪ್ರಚಾರಕ್ಕೆ ಹೊರಡುತ್ತಾನೆ: ಕಲ್ಯಾಣಮಂಟಪದಲ್ಲಿ ಎಲೆ ಮುಂದೆ ಕೂತವರ ದವಡೆ ಪರೀಕ್ಷಿಸಿ, "ನೀವೂ ಕಡೀತೀರಿ ಅನ್ಸುತ್ತೆ, ಮನೆಯವರನ್ನ ಕೇಳಿ ನೋಡಿ" ಎನ್ನುತ್ತಾನೆ. ಮೆತ್ತನೆಯದು ತೂತು ಬಿದ್ದಾಗ ಮತ್ತೆ ಹಾಸನದ ಬಸ್ಸು ಹತ್ತಿ, ಈ ಸಲ ಬೆಲೆ ಕೇಳದೆ ಗಟ್ಟಿಯದಕ್ಕೇ ಅಳತೆ ಕೊಡುತ್ತಾನೆ.