ಪಗಾರ ಪಂಡಿತರು

ರಾಯಚೂರಿನ ಸಮಾಜಜೀವನವನ್ನು ವರ್ಗೀಕರಿಸಲು ಹೊರಡುವವರು ಅಡತಿ ವ್ಯಾಪಾರಿ, ಅಕ್ಕಿ ಗಿರಣಿಯ ಮಾಲೀಕ, ಗುತ್ತಿಗೆದಾರ, ಮುಖಂಡ ಎಂಬ ಪ್ರಸಿದ್ಧ ವರ್ಗಗಳ ಸಾಲಿನಲ್ಲಿ ಪಗಾರ ಪಂಡಿತರಿಗೂ ಒಂದು ಸ್ಥಾನ ಕೊಡದೆ ಮುಂದೆ ಸಾಗುವಂತಿಲ್ಲ. ಪಗಾರವೆಂದರೆ ಈ ಸೀಮೆಯ ಮಾತಿನಲ್ಲಿ ತಿಂಗಳ ಸಂಬಳ; ವೈದ್ಯಶಾಸ್ತ್ರದ ಒಂದು ಪುಟವನ್ನೂ ಓದದೆ, ಯಾವ ವೈದ್ಯನಿಗೆ ಯಾವ ಊರಿನಲ್ಲಿ ಎಷ್ಟು ಪಗಾರ ಬರುತ್ತದೆಂಬುದನ್ನು ಆ ವೈದ್ಯನ ಹೆಂಡತಿಗಿಂತ ಮೊದಲೇ ಬಲ್ಲವರಿಗೆ ಈ ಬಿರುದು ಸಲ್ಲುತ್ತದೆ. ಇವರು ಊರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಅಡತಿ ಅಂಗಡಿಯ ಗಾದಿಯ ಮೇಲೆ, ಸಂಜೆಯಾದರೆ ತೀನ್ ಕಂದೀಲ್ ವೃತ್ತದ ಆಸುಪಾಸಿನ ಚಹಾದಂಗಡಿಗಳಲ್ಲಿ ಕಾಣಸಿಗುತ್ತಾರೆ. ಮೇ ತಿಂಗಳಲ್ಲಿ ನೀಟ್ ಪರೀಕ್ಷೆ, ಅಂದರೆ ವೈದ್ಯಕೀಯ ಸೀಟಿಗಾಗಿ ದೇಶಕ್ಕೆಲ್ಲ ಒಂದೇ ಆಗಿರುವ 720 ಅಂಕಗಳ ಪ್ರವೇಶ ಪರೀಕ್ಷೆ, ಮುಗಿದ ದಿನದಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೊನೆಯ ಸುತ್ತಿನ ಸೀಟು ಹಂಚಿಕೆಯವರೆಗೆ ಇವರ ವಿದ್ವತ್ತಿಗೆ ಹಂಗಾಮು. ಆ ತಿಂಗಳುಗಳ ಬಹುಭಾಗ ಗಂಜಿಗೆ ಹತ್ತಿಯ ಆವಕ ಕಡಿಮೆಯಾದ್ದರಿಂದ ಸಲಹೆ ನೀಡಲು ಬಿಡುವು ಬೇಕಾದಷ್ಟಿರುತ್ತದೆ.

ಪಂಡಿತರ ಮೂಲಗ್ರಂಥ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಖಾತೆಪುಸ್ತಕ. ಅದರಲ್ಲಿ ಹತ್ತಿ, ಭತ್ತ, ತೊಗರಿಯ ಬಾಕಿಗಳ ಹಿಂದಿನ ಪುಟಗಳಲ್ಲಿ ಶುಲ್ಕ, ಓದಿನ ವರ್ಷ, ಸ್ಟೈಪೆಂಡ್, ಪಗಾರ ಎಂಬ ನಾಲ್ಕು ಕಲಮುಗಳಿವೆ. ನಗರದಲ್ಲಿ 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರ ಬಾಯಲ್ಲಿ ರಿಮ್ಸ್, ಬರುವ ಮುನ್ನ ಈ ಭಾಗದ ಮಕ್ಕಳು ಸರ್ಕಾರಿ ಸೀಟಿಗಾಗಿ ಬಳ್ಳಾರಿ, ಹುಬ್ಬಳ್ಳಿಗಳ ಕಡೆ ನೋಡಬೇಕಾಗಿತ್ತೆಂಬುದೂ, ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರಿದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳ ಶೇ. 70ರಷ್ಟು ಸೀಟು ಈ ಭಾಗದವರಿಗೇ ಮೀಸಲಾಯಿತೆಂಬುದೂ ಅವರಿಗೆ ಕಂಠಪಾಠ. ಫಲಿತಾಂಶದ ದಿನ ಓಣಿಯ ಹುಡುಗಿಯೊಬ್ಬಳು ಎದುರಿಗೆ ಸಿಕ್ಕರೆ ಅವರು ಕ್ಷೇಮಸಮಾಚಾರವನ್ನು ಬಿಟ್ಟು, “ಎಷ್ಟ್ ಬಂದಾವವ್ವಾ ಮಾರ್ಕು?” ಎಂದು ಕೇಳುತ್ತಾರೆ, ಆಕೆ ಉತ್ತರಿಸಿ ಮುಗಿಸುವುದರೊಳಗೆ ಆಕೆಯ ಮೂವತ್ತೈದನೆಯ ವಯಸ್ಸಿನ ಆದಾಯ ಕಾಗದದ ಮೇಲೆ ಇಳಿದಿರುತ್ತದೆ.

ಈ ಗಣಿತದ ವೈಶಿಷ್ಟ್ಯವೆಂದರೆ ಅದು ಪ್ರಾಮಾಣಿಕವಾಗಿ ನಡೆದಷ್ಟೂ ವೈದ್ಯವೃತ್ತಿಗೆ ವಿರುದ್ಧವಾಗಿ ಸಾಗುತ್ತದೆ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಆಮೇಲೆ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲೂ ಸರದಿಯಂತೆ ದುಡಿಯುವ ಇಂಟರ್ನ್‌ಶಿಪ್ ಒಂದು ವರ್ಷ, ತಜ್ಞತೆಗೆ ಮೂರು ವರ್ಷ, ಅದರೊಳಗಿನ ಸೂಕ್ಷ್ಮ ತಜ್ಞತೆಗೆ ಇನ್ನೂ ಮೂರು. ಇವುಗಳ ಹಿಂದೆ ಮುಂದೆ, ಒಮ್ಮೆ ಸೀಟು ತಪ್ಪಿದವರು ಮತ್ತೆ ಪರೀಕ್ಷೆಗೆ ಕೂರಲು ಹೈದರಾಬಾದಿನಲ್ಲೋ ಬೀದರಿನಲ್ಲೋ ಕಳೆಯುವ ‘ಲಾಂಗ್ ಟರ್ಮ್’ ಎಂಬ ವರ್ಷವನ್ನೂ, 2012ರ ಕಾಯ್ದೆಯ ಪ್ರಕಾರ ಸರ್ಕಾರ ಕರೆದರೆ ಸಲ್ಲಿಸಬೇಕಾದ ಸೇವೆಯ ವರ್ಷವನ್ನೂ ಸೇರಿಸಿದರೆ, ಇಪ್ಪತ್ತೆರಡಕ್ಕೇ ಕಂಪ್ಯೂಟರ್ ಮುಂದೆ ಕುಳಿತು ಪಗಾರ ಎಣಿಸತೊಡಗಿದ ಎದುರುಮನೆಯ ಎಂಜಿನಿಯರ್ ಬೆಂಗಳೂರಿನ ಫ್ಲ್ಯಾಟಿನ ಅರ್ಧ ಸಾಲ ತೀರಿಸುವ ಹೊತ್ತಿಗೆ ವೈದ್ಯ ಇನ್ನೂ ಪರೀಕ್ಷೆ ಬರೆಯುತ್ತಿರುತ್ತಾನೆ. ಇಂಟರ್ನ್‌ಗಳ ಸ್ಟೈಪೆಂಡನ್ನು, ಅಂದರೆ ಕಲಿಯುತ್ತಲೇ ದುಡಿಯುವವರಿಗೆ ಕೊಡುವ ಭತ್ಯೆಯನ್ನು, ರಾಜ್ಯ ಸರ್ಕಾರ 2020ರಲ್ಲಿ 20 ಸಾವಿರದಿಂದ 30 ಸಾವಿರ ರೂಪಾಯಿಗೆ ಏರಿಸಿದ್ದನ್ನು ಪಂಡಿತರು ದಿನಾಂಕಸಹಿತ ಬರೆದಿಟ್ಟಿದ್ದಾರೆ. ಆದರೆ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಕಟ್ಟಿದ ಮನೆಯಲ್ಲಿ ಆ ಏರಿಕೆಯಿಂದ ಬಡ್ಡಿಯ ಬಾಗಿಲೂ ಮುಚ್ಚುವುದಿಲ್ಲವೆಂದು ಅದೇ ಪುಟದ ಅಂಚಿನಲ್ಲಿ ಷರಾ ಇದೆ. ಇಷ್ಟನ್ನೆಲ್ಲ ಕೂಡಿಸಿ, ಕಳೆದು, ನಷ್ಟವನ್ನು ಸಂಶಯಾತೀತವಾಗಿ ಸಾಬೀತುಪಡಿಸಿದ ಬಳಿಕ ಪಂಡಿತರು ಪುಸ್ತಕವನ್ನು ಮುಚ್ಚಿ, “ಏನರ ಆಗ್ಲಿ, ಡಾಕ್ಟರೇ ಮಾಡ್ಸ್ರಿ” ಎಂದು ತೀರ್ಪು ಕೊಡುತ್ತಾರೆ.

ಈ ತೀರ್ಪಿಗೂ ಅದರ ಹಿಂದಿನ ಲೆಕ್ಕಕ್ಕೂ ಸಂಬಂಧವಿಲ್ಲದಿರುವುದನ್ನು ಪಂಡಿತರ ಅಜ್ಞಾನವೆಂದು ಭಾವಿಸಬಾರದು. ಮನೆಯ ಮುಂದಿನ ಫಲಕದಲ್ಲಿ ಹೆಸರಿನ ಮೊದಲು ಬರುವ ‘ಡಾ.’ ಎಂಬ ಅಕ್ಷರಕ್ಕೆ, ನಡುರಾತ್ರಿ ಎದೆನೋವು ಬಂದಾಗ ದವಾಖಾನಿಯ ಒಳಗೆ ತಮ್ಮವರೆಂಬ ಒಬ್ಬರು ಇರುವುದಕ್ಕೆ ಬೀಳುವ ಬೆಲೆಯನ್ನು ಪಗಾರದ ಕಲಮಿನಲ್ಲಿ ಬರೆಯಲಾಗದು. ಆದರೆ ವೃತ್ತಿಯ ಆಯ್ಕೆಯಲ್ಲಿ ಸೋತ ಪಗಾರವು ಶಾಖೆಯ ಆಯ್ಕೆಯಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಶಾಖೆಯೆಂದರೆ ಎಂಬಿಬಿಎಸ್ ನಂತರ ಆರಿಸಿಕೊಳ್ಳುವ ತಜ್ಞತೆಯ ವಿಷಯ. ಪಂಡಿತರ ದೃಷ್ಟಿಯಲ್ಲಿ ಇದು ಗಂಜಿನ ಧಾರಣೆಯ ಹಲಗೆಯಂತೆ ದಿನದಿನವೂ ಏರಿಳಿಯುವ ಪಟ್ಟಿ. ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಓದುವ ರೇಡಿಯಾಲಜಿ ಮತ್ತು ಚರ್ಮರೋಗಗಳ ಡರ್ಮಟಾಲಜಿ ಆ ಹಲಗೆಯ ತುದಿಯಲ್ಲಿವೆ, ಏಕೆಂದರೆ ಎರಡರಲ್ಲೂ ವರಮಾನ ಹೆಚ್ಚು, ರಾತ್ರಿ ಬಾಗಿಲು ಬಡಿಯುವವರು ಕಡಿಮೆ. ದೇಹರಚನೆಯ ಅನಾಟಮಿ, ದೇಹದ ರಸಾಯನಗಳ ಬಯೋಕೆಮಿಸ್ಟ್ರಿ ತಳದಲ್ಲಿವೆ. ಇಂಥ ಸೀಟುಗಳು ವರ್ಷವರ್ಷವೂ ಖಾಲಿ ಉಳಿಯುತ್ತಿದ್ದುದರಿಂದ ಕೇಂದ್ರವು 2023ರಲ್ಲಿ ಸ್ನಾತಕೋತ್ತರ ನೀಟ್‌ನ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿತು. ಪರ್ಸೆಂಟೈಲ್ ಅಂಕವಲ್ಲ, ಅಭ್ಯರ್ಥಿಗಿಂತ ಕೆಳಗೆ ಶೇಕಡ ಎಷ್ಟು ಮಂದಿ ಇದ್ದಾರೆಂದು ಹೇಳುವ ಸ್ಥಾನಸೂಚಿ. ಹೀಗಾಗಿ ಶೂನ್ಯವೆಂದರೆ ಪರೀಕ್ಷೆಗೆ ಕುಳಿತವರೆಲ್ಲ ಅರ್ಹರು ಎಂದೇ ಅರ್ಥ. ಈ ಸುದ್ದಿ ಓದಿದ ದಿನ ಪಂಡಿತರು, ತಮಗೂ ಕೂತು ಬರೆಯುವ ಅವಕಾಶವಿದ್ದಿದ್ದರೆ ಅನಾಟಮಿ ಸಿಕ್ಕೇ ತೀರುತ್ತಿತ್ತೆಂದು ಲೆಕ್ಕ ಹಾಕಿದರು. ಸಿಕ್ಕಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲವೆಂದು ಕೂಡಲೇ ಸೇರಿಸಿದರು. ಇದೇ ಶ್ರೇಣಿ ಮದುವೆಯ ಮಾತುಕತೆಗೂ ಅನ್ವಯಿಸುವುದರಿಂದ, ವರನ ಜಾತಕ ನೋಡುವ ಮೊದಲು “ಬರೇ ಎಂಬಿಬಿಎಸ್ಸೋ, ಮುಂದೂ ಆಗೇತೋ?” ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು.

ಪಂಡಿತರ ಸಿದ್ಧಾಂತದ ನಿಜವಾದ ಪರೀಕ್ಷೆ ನಡೆಯುವುದು ಇದೇ ಜಿಲ್ಲೆಯ ದೇವದುರ್ಗದಲ್ಲಿ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಇದೂ ಒಂದು. ನೀತಿ ಆಯೋಗವು 2018ರಲ್ಲಿ ಇಡೀ ರಾಯಚೂರನ್ನೇ ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಕರೆದು ಹಿಂದುಳಿದಿರುವಿಕೆಗೆ ಹೊಸ ಅಂಗಿ ತೊಡಿಸಿತು. ಇಂಥ ಕಡೆಗಳಿಗಾಗಿಯೇ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ‘ಮೊತ್ತ ನೀವು ಹೇಳಿ, ನಾವು ಕೊಡುತ್ತೇವೆ’ ಎಂಬ ವ್ಯವಸ್ಥೆಯಿದೆ. ತಜ್ಞವೈದ್ಯರೇ ತಮ್ಮ ಪಗಾರವನ್ನು ಸೂಚಿಸಬಹುದು. ಇದನ್ನು ಕೇಳಿದಾಗ ಪಂಡಿತರಿಗೆ ಸಮಸ್ಯೆಯೇ ಬಗೆಹರಿದಂತಾಯಿತು. ಆದರೆ ಸಿಜೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞೆಯ ಜೊತೆ ಅರಿವಳಿಕೆ ಕೊಡುವವರೂ ಹುಟ್ಟಿದ ಕೂಸನ್ನು ನೋಡುವವರೂ ಬೇಕು. ಮೂವರಲ್ಲಿ ಒಬ್ಬರಿಲ್ಲದಿದ್ದರೆ ಉಳಿದಿಬ್ಬರ ಪಗಾರವನ್ನು ದುಪ್ಪಟ್ಟು ಮಾಡಿದರೂ ಗರ್ಭಿಣಿ ರಾಯಚೂರಿನ ದಾರಿ ಹಿಡಿಯಲೇಬೇಕು. ಒಂಟಿಯಾಗಿ ಇರುವ ತಜ್ಞ ಹಗಲಿರುಳೂ ಕರೆಗೆ ಸಿಗಬೇಕು, ರೋಗಿ ಉಳಿಯದಿದ್ದರೆ ಸಿಟ್ಟಿಗೆದ್ದ ಬಂಧುಗಳ ಮುಂದೆಯೂ ಒಂಟಿಯಾಗಿಯೇ ನಿಲ್ಲಬೇಕು. ಮೊತ್ತ ಹೇಳಿ ಎಂದವರು ಈ ಬಾಬತ್ತಿಗೆ ಕಲಮು ಬಿಟ್ಟಿರುವುದಿಲ್ಲ. ಬಂಧುವೊಬ್ಬಳ ಹೆರಿಗೆಗೆಂದು ದೇವದುರ್ಗಕ್ಕೆ ಹೋಗಿ, ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮರಳುವಾಗ ಪಂಡಿತರು, ಇಂದಿನ ವೈದ್ಯರು ದುಡ್ಡಿನ ಬೆನ್ನು ಹತ್ತಿ ಸೇವಾಭಾವವನ್ನು ಮರೆತಿದ್ದಾರೆಂದು ದಾರಿಯುದ್ದಕ್ಕೂ ಮರುಗುತ್ತಾರೆ; ಮರುದಿನ ಗಾದಿಯ ಮೇಲೆ ಕುಳಿತು, ಬಂದ ಪಾಲಕರಿಗೆ ರೇಡಿಯಾಲಜಿಯನ್ನೇ ಸೂಚಿಸುತ್ತಾರೆ.

ಇಂಥ ಪಂಡಿತರಿಗೆ ಪ್ರತಿವಾದಿಗಳು ಹೊರಗಿನಿಂದ ಬರಬೇಕಿಲ್ಲ. ಸಾಮಾನ್ಯವಾಗಿ ತಂಗಿಯ ಮಗಳೊಬ್ಬಳು ಇದ್ದೇ ಇರುತ್ತಾಳೆ. ಎಂಬಿಬಿಎಸ್ ಮುಗಿಸಿದ ಆಕೆಯ ಮುಂದೆ ಹೈದರಾಬಾದಿನ ದೊಡ್ಡ ಆಸ್ಪತ್ರೆಯ ರಾತ್ರಿಪಾಳಿ, ಒಂಟಿ ವೈದ್ಯೆಯಾಗಿ ದುಡಿಯಬೇಕಾದ ಹೆಚ್ಚು ಹಣದ ಗುತ್ತಿಗೆ ಕೆಲಸ, ಅವೆರಡಕ್ಕಿಂತ ಕಡಿಮೆ ಪಗಾರದ, ಜಿಲ್ಲೆಯೊಳಗೇ ಇರುವ ಮಾನ್ವಿ ಕಡೆಯ ಕಾಯಂ ಸರ್ಕಾರಿ ಹುದ್ದೆ ಎಂಬ ಮೂರು ದಾರಿಗಳಿರುತ್ತವೆ. ಮಾವ ಎರಡು ದಿನ ಕೂತು ಮೊದಲ ಎರಡರ ನಡುವೆ ತೂಗುತ್ತಿರುವಾಗ ಆಕೆ ಮೂರನೆಯದಕ್ಕೆ ಸೇರಿಬಿಟ್ಟಿರುತ್ತಾಳೆ. “ಮಾಮಾ, ಅಲ್ಲಿ ಪಾಳಿ ಹಂಚ್ಕೊಳ್ಳಾಕ ಇನ್ನೊಬ್ರು ಡಾಕ್ಟರ್ ಅದಾರ, ರಾತ್ರಿ ನಿದ್ದಿ ಆಗ್ತೈತಿ” ಎಂಬುದು ಆಕೆಯ ಮೊದಲ ಕಾರಣ. ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪ್ರತ್ಯೇಕ ಪಾಲಿದೆ, ಅವ್ವನ ಮನೆಗೆ ಬಸ್ಸಿನಲ್ಲಿ ಸಂಜೆಗೇ ಮುಟ್ಟಬಹುದು ಎಂಬವು ಎರಡನೆಯ, ಮೂರನೆಯ ಕಾರಣಗಳು.

ಪಂಡಿತರು ಈ ಕಾರಣಗಳನ್ನು ಅಲ್ಲಗಳೆಯುವುದಿಲ್ಲ; ವ್ಯಾಪಾರಸ್ಥರಾದ್ದರಿಂದ ದಾಖಲಿಸಿಕೊಳ್ಳುತ್ತಾರೆ. ಖಾತೆಪುಸ್ತಕದಲ್ಲಿ ಐದನೆಯ ಕಲಮೊಂದು ಹುಟ್ಟಿ, ಲೆಕ್ಕದ ಚಿಲ್ಲರೆ ಬಾಬುಗಳಿಗೆಂದು ಇರುವ ‘ಕಿರಕೋಳ’ ಎಂಬ ತಲೆಬರಹದ ಕೆಳಗೆ ನಿದ್ದೆ, ಜೊತೆಗಾರ ವೈದ್ಯರು, ಬಸ್ಸು, ಮಕ್ಕಳ ಶಾಲೆ, ಮುಂದಿನ ಓದು, ಮನೆಯ ಫಲಕ ಇವೆಲ್ಲ ಸೇರತೊಡಗುತ್ತವೆ. ಕೆಲವೇ ವರ್ಷಗಳಲ್ಲಿ ಆ ಕಲಮು ಉಳಿದ ನಾಲ್ಕನ್ನೂ ಪುಟದ ಅಂಚಿಗೆ ತಳ್ಳುವಷ್ಟು ಬೆಳೆಯುತ್ತದೆ. ಆದರೂ ಮುಂದಿನ ಹಂಗಾಮಿನಲ್ಲಿ ಹೊಸ ಪಾಲಕರು ಬಂದಾಗ ಪಂಡಿತರು ಪಗಾರದ ಕಲಮನ್ನೇ ತೆರೆದು ಬೆರಳಿಡುತ್ತಾರೆ, ಏಕೆಂದರೆ ಆ ಪುಟದಲ್ಲಿ ಕೂಡಿಸಲು ಬರುವುದು ಅದೊಂದೇ.