ಚಹರೆ: ಸಾಧಾರಣ ಮೈಕಟ್ಟು

ದುಂಡು ಮುಖ. ಗೋಧಿ ಮೈಬಣ್ಣ. ಸಾಧಾರಣ ಮೈಕಟ್ಟು. ಕನ್ನಡ, ಹಿಂದಿ ಮಾತನಾಡುತ್ತಾನೆ. ಸುಳಿವು ಸಿಕ್ಕವರು ಠಾಣೆಗೆ ತಿಳಿಸಬೇಕು.

ಕಾಣೆಯಾದವನ ಈ ಪ್ರಕಟಣೆ ಹಿಡಿದು ಹುಡುಕಹೊರಟರೆ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನೆಲ್ಲ ಜೀಪಿಗೆ ಹತ್ತಿಸಬೇಕಾದೀತು. ಜೊತೆಗೆ ಅಂಚೆಚೀಟಿಯಷ್ಟು ಫೋಟೊ. ಅದೂ ಆಧಾರ್ ಕಾರ್ಡಿನದು. ಹೆತ್ತವಳಿಗೂ ಗುರುತು ಸಿಗಬಾರದು, ಅಂಥದ್ದು. ಇಷ್ಟು ಅಚ್ಚಾದರೆ ಹುಡುಕಾಟ ಮುಗಿಯಿತು.

ಅದಕ್ಕೂ ಮೊದಲು ದೂರು ಬರೆದುಕೊಳ್ಳಬೇಕಲ್ಲ! "ಎಲ್ಲಿ ಹೋಗ್ತಾನಬೇ, ಬರ್ತಾನ. ಇನ್ನೆರಡು ದಿನ ನೋಡು." ಎರಡು ದಿನ ಕಾಯಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಮಗು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆದರೆ ಹರೆಯದ ಹುಡುಗಿ ಎಂದರೆ ಮೊದಲು ಅವಳ ನಡತೆಯ ತಪಾಸಣೆ: "ಯಾರ ಜೋಡಿ ಓಡ್ಯಾಳ?" ಗಂಡಸಾದರೆ, "ಸಾಲ ಎಷ್ಟಿತ್ತು?" ಮುದುಕನಾದರೆ, "ಗಾಣಗಾಪುರದಾಗ ನೋಡೀರೇನು?" ಅಲ್ಲಿಗೆ ತನಿಖೆ ದತ್ತಾತ್ರೇಯನ ಪಾಲು.

ಈ ಸೀಮೆಯ ಬಡವನಿಗೆ ಕಾಣೆಯಾಗುವ ಹಕ್ಕೂ ಇಲ್ಲ. ಅವನು ಗುಳೆ ಹೋಗಿದ್ದಾನೆ, ಅಷ್ಟೆ. ಪುಣೆಯೋ, ಮುಂಬೈಯೋ, ಬೆಂಗಳೂರೋ. ಕರೆದೊಯ್ದ ಮೇಸ್ತ್ರಿಯ ಫೋನು ಸ್ವಿಚ್ ಆಫ್. ಅಫಜಲಪುರ ದಾಟಿ ಕೇಳಿದರೆ "ನಿಮ್ಮ ಠಾಣೆಗೆ ಹೋಗಿ" ಅನ್ನುತ್ತಾರೆ, ಮರಾಠಿಯಲ್ಲಿ. ಇಲ್ಲಿ ಬಂದರೆ "ಅಲ್ಲಿ ಹೋಗ್ರಿ" ಅನ್ನುತ್ತಾರೆ, ಕನ್ನಡದಲ್ಲಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಪಡೆಯಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಹೇಳಲಿ. ಮಹಾರಾಷ್ಟ್ರದಿಂದ ಇಳಿದು ಬರುವ ಭೀಮೆಗೆ ಗಡಿ ಇಲ್ಲ. ಅದರಲ್ಲಿ ತೇಲುವ ಹೆಣಕ್ಕೂ ಇಲ್ಲ. ಇರುವುದು ಪೊಲೀಸರಿಗೆ.

ಇನ್ನು ಆಳಂದಕ್ಕೆ ಬನ್ನಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ 6,018 ಮತದಾರರ ಹೆಸರು ಅಳಿಸಲು ಆನ್‌ಲೈನ್ ಅರ್ಜಿ ಬಿದ್ದವು. ಸ್ವಂತ ಬಂಧುವಿನ ಹೆಸರಿಗೇ ಅರ್ಜಿ ಬಂದದ್ದು ಕಂಡು ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿ ಬೆಚ್ಚಿದ್ದರಿಂದ ಬಣ್ಣ ಬಯಲಾಯಿತು. ಸರಿಯಿದ್ದ ಅರ್ಜಿ 24. ಒಂದು ಅರ್ಜಿಗೆ 80 ರೂಪಾಯಿಯಂತೆ ಸಂದಿದೆ ಎಂದು ಪತ್ರಿಕೆಗಳು ಬರೆದವು. ದಿಲ್ಲಿಯಲ್ಲಿ ಪತ್ರಿಕಾಗೋಷ್ಠಿ ಆಯಿತು. ಸಿಐಡಿ ಸಾಲದೆ 2025ರಲ್ಲಿ ಎಸ್‌ಐಟಿ ಬಂತು.

ಬರಲಿ, ಬೇಕಿತ್ತು. ಆದರೆ ಮನೆಯಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದವರನ್ನು ಇಲ್ಲವೆಂದದ್ದಕ್ಕೆ ಎಸ್‌ಐಟಿ. ನಿಜಕ್ಕೂ ಇಲ್ಲವಾದವರಿಗೆ ಒಬ್ಬ ಕಾನ್‌ಸ್ಟೆಬಲ್. ಅವನೂ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದಾನೆ.

ಹಾಗೆಂದು ನಮ್ಮ ಪೊಲೀಸರು ಹುಡುಕುವುದೇ ಇಲ್ಲ ಎನ್ನಬೇಡಿ. 2020ರಲ್ಲಿ ಕೊಡಗಿನ ಒಬ್ಬ ಹೆಂಗಸು ಕಾಣೆಯಾದಳು. ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ ಎಂದಾಯಿತು. ದೂರು ಕೊಟ್ಟಿದ್ದ ಗಂಡನೇ ಕೊಲೆಗಾರನಾಗಿ ಜೈಲು ಸೇರಿದ. ಡಿಎನ್‌ಎ ತಾಳೆಯಾಗಲಿಲ್ಲ, ಆದರೇನು, ಕಡತ ತಾಳೆಯಾಗಿತ್ತಲ್ಲ! 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಂಡಳು. ಗಂಡ ಖುಲಾಸೆಯಾದ.

ಎಲ್ಲರೂ ಚಪ್ಪರಿಸಿದ್ದು ಓಡಿಹೋದ ಹೆಂಡತಿಯ ಕಥೆಯನ್ನು. ಹಾಗಾದರೆ ಆ ಎಲುಬು ಯಾರದು? ಅದೂ ಯಾವುದೋ ಮನೆಯಲ್ಲಿ ಕಾಣೆಯಾದ ಜೀವವೇ ತಾನೆ? ಅವರ ಮನೆಯವರಿಗೂ ಯಾರೋ "ಇನ್ನೆರಡು ದಿನ ನೋಡ್ರಿ" ಅಂದಿರಬೇಕು.

ಕಾಯುವವರಿಗೆ ಕಾನೂನು ಗಡುವನ್ನೂ ಕೊಟ್ಟಿದೆ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತನೆಂದು ಭಾವಿಸಬಹುದು. ಅಲ್ಲಿಯವರೆಗೆ ಹೆಂಡತಿಗೆ ವಿಧವಾ ವೇತನವಿಲ್ಲ, ಮರಣ ಪತ್ರವಿಲ್ಲ. ಗಂಡನ ಹೆಸರಿನ ಎರಡೆಕರೆ ತೊಗರಿ ಹೊಲದ ಪಹಣಿಯೂ ಬದಲಾಗದು. ವಿಮೆ? ಏಳು ವರ್ಷದ ನಂತರ ಸಾವನ್ನು ಊಹಿಸಬಹುದು, ಸತ್ತ ದಿನವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಎಲ್‌ಐಸಿ ಪರವಾಗಿ ತೀರ್ಪಿತ್ತಿತು. ಆ ಪ್ರಕರಣದಲ್ಲಿ ಕಂತು ನಿಂತು ಪಾಲಿಸಿ ಬಿದ್ದುಹೋಗಿತ್ತು. ಅಂದರೆ ದುಡಿಯುವವನೇ ಇಲ್ಲದ ಮನೆ ಅವನ ಜೀವದ ಕಂತನ್ನು ಕಟ್ಟುತ್ತಲೇ ಇರಬೇಕು.

ಏಳು ವರ್ಷ ತುಂಬಿದರೂ ಕೋರ್ಟಿಗೆ ಹೋಗುವಾಗ ಪೊಲೀಸರಿಂದ "ಪತ್ತೆಯಾಗಿಲ್ಲ" ಎಂಬ ವರದಿ ಬೇಕು. ಹುಡುಕದವರೇ ಸಿಗಲಿಲ್ಲವೆಂದು ಬರೆದುಕೊಡಬೇಕು. ಕೇಳಲು ಹೋದರೆ ಹಳೇ ಕಡತವೇ ಕಾಣುತ್ತಿಲ್ಲವಂತೆ. ಎರಡು ದಿನ ಬಿಟ್ಟು ಬರಬೇಕಂತೆ.