ಚಕ್ರಾರೂಢ ಸಂಸಾರ

ಮನೆಯು ಸ್ಥಾವರ, ಮನುಷ್ಯನು ಜಂಗಮ ಎಂದು ತಿಳಿದವರು ಹೇಳುತ್ತಾರಾದರೂ, ನಮ್ಮ ಉದ್ದನಪಲ್ಲಿಯ ಮಟ್ಟಿಗೆ ಈ ಮಾತು ಅಷ್ಟೇನೂ ಸಲ್ಲತಕ್ಕದ್ದಲ್ಲ. ನಾನು ಹುಟ್ಟಿದ ಮನೆಯಲ್ಲಿಯೇ ಮೊನ್ನೆಮೊನ್ನೆಯವರೆಗೂ ವಾಸವಾಗಿದ್ದೆನು. ಜಗಲಿಯ ಕಲ್ಲೊಂದನ್ನೂ ಕದಲಿಸಿದವನಲ್ಲ. ಆದರೂ ನಾನು ಹುಟ್ಟಿದಾಗ ಮದರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲಿದ್ದ ಆ ಮನೆಯು 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಬಂದಿತು. 1969ರಲ್ಲಿ ರಾಜ್ಯದ ಹೆಸರೇ ತಮಿಳುನಾಡೆಂದಾಯಿತು. 2004ರಲ್ಲಿ, ನಾವು ಧರ್ಮಪುರಿಯ ವಿಳಾಸಕ್ಕೆ ಚೆನ್ನಾಗಿ ಒಗ್ಗಿಕೊಂಡಿದ್ದ ಹೊತ್ತಿನಲ್ಲಿ, ಮನೆಯು ಸದ್ದಿಲ್ಲದೆ ಎದ್ದು ಕೃಷ್ಣಗಿರಿ ಜಿಲ್ಲೆಗೆ ಹೋಗಿ ಕುಳಿತಿತು. ಇಷ್ಟು ದೂರದ ಪ್ರಯಾಣದಲ್ಲಿ ಅಡಿಗೆಮನೆಯ ಒಂದು ಲೋಟವೂ ಉರುಳಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹೀಗೆ ಕುಳಿತಲ್ಲಿಯೇ ದೇಶಾಟನ ಮಾಡಿಸುವ ಮನೆಯಿರುವಾಗ ಅದಕ್ಕೆ ಚಕ್ರಗಳನ್ನೇಕೆ ಜೋಡಿಸಬೇಕೆಂಬುದು ನನ್ನ ಪ್ರಶ್ನೆಯಾಗಿದ್ದಿತು. ನನ್ನ ಮಗನಿಗೆ ಅದು ಪ್ರಶ್ನೆಯಾಗಿಯೇ ಕಾಣಲಿಲ್ಲ.

ಆತನು ಬೆಂಗಳೂರಿನ ಕಂಪೆನಿಯೊಂದರಲ್ಲಿ ಉದ್ಯೋಗಿ. 2020ರ ಮಹಾಮಾರಿಯ ಕಾಲದಲ್ಲಿ, ಕುಳಿತ ಸ್ಥಳವೇ ಕಛೇರಿಯೆಂದು ಮೇಲಿನವರು ಅಪ್ಪಣೆ ಕೊಡಿಸಿದರು. ಉಳಿದವರು ಅದನ್ನು ಮನೆಯಲ್ಲಿ ಕುಳಿತುಕೊಳ್ಳುವುದಕ್ಕೆ ಅನುಮತಿಯೆಂದು ತಿಳಿದರೆ, ತರ್ಕಶಾಸ್ತ್ರದಲ್ಲಿ ಮೊದಲಿನಿಂದಲೂ ಅತಿಯಾದ ವಿಶ್ವಾಸವುಳ್ಳ ನನ್ನ ಮಗನು, ಕುಳಿತ ಸ್ಥಳವು ಚಲಿಸಿದರೆ ಕಛೇರಿಯೂ ಚಲಿಸತಕ್ಕದ್ದೆಂದೂ, ಕಛೇರಿಯೊಡನೆ ಮನೆಯೂ, ಮನೆಯೊಡನೆ ತಂದೆತಾಯಿಗಳೂ ಚಲಿಸತಕ್ಕದ್ದೆಂದೂ ಸಿದ್ಧಾಂತ ಮಾಡಿದನು. ಅಮೆರಿಕದಲ್ಲಿ ಮನೆಮಾರುಗಳನ್ನು ಮಾರಿ, ಅಡಿಗೆ, ಸ್ನಾನ, ಶಯನಗಳೆಲ್ಲವೂ ಇರುವ ದೊಡ್ಡ ವಾಹನಗಳಲ್ಲಿ ವರ್ಷಪೂರ್ತಿ ಸಂಸಾರ ಹೂಡಿರುವವರ ಚಿತ್ರಗಳನ್ನು ಸೊಸೆಯು ಫೋನಿನಲ್ಲಿ ತೋರಿಸಿದಳು. ನಾನೂ ಓದಿದವನೆಂಬುದನ್ನು ತೋರಿಸುವ ಚಾಪಲ್ಯದಿಂದ, ಇದೇನೂ ಹೊಸದಲ್ಲವಮ್ಮ ಎಂದು ಗಾರ್ಡನ್ ಸ್ಟೇಬಲ್ಸನ ಕಥೆಯನ್ನು ಹೇಳಿದೆನು. ನೌಕಾದಳದಲ್ಲಿ ವೈದ್ಯನಾಗಿದ್ದ ಈ ಸ್ಕಾಟ್ಲೆಂಡಿನವನು 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯೊಂದರಲ್ಲಿ ಹದಿನೆಂಟು ಅಡಿ ಉದ್ದದ, ಎರಡು ಟನ್ನಿನಷ್ಟು ಭಾರದ ಗಾಡಿಯನ್ನು ಕಟ್ಟಿಸಿ, ಅದಕ್ಕೆ 'ವಾಂಡರರ್' ಎಂದು ನಾಮಕರಣ ಮಾಡಿ, ಎರಡು ಕುದುರೆ, ಇಬ್ಬರು ಸೇವಕರು, ಒಂದು ನಾಯಿ ಮತ್ತು ಒಂದು ಗಿಣಿಯೊಡನೆ ಇಂಗ್ಲೆಂಡಿನಿಂದ ಇನ್ವರ್ನೆಸ್ಸಿನವರೆಗೂ ಹೋದನು. ಸೇವಕರಲ್ಲೊಬ್ಬನು ಮೂರು ಗಾಲಿಯ ಸೈಕಲ್ಲನ್ನೇರಿ, ಹಿಂದೆ ಮನೆ ಬರುತ್ತಿದೆಯೆಂದು ಎದುರಿನವರನ್ನು ಎಚ್ಚರಿಸುತ್ತ ಮುಂದೆ ಮುಂದೆ ಹೋಗುತ್ತಿದ್ದನು. ನಾನು ವಿನೋದಕ್ಕೆಂದು ಹೇಳಿದ ಈ ಕಥೆಯನ್ನು ಸೊಸೆಯು ನನ್ನ ಸಮ್ಮತಿಯೆಂದು ಗ್ರಹಿಸಿದಳು.

ಉಳಿದವಳು ನನ್ನ ಧರ್ಮಪತ್ನಿ. ಆಕೆಯನ್ನು ಒಲಿಸಿಕೊಳ್ಳಲು ಮಗನು ಮೈಸೂರಿನ ಡಿ. ಕೃಷ್ಣಕುಮಾರರ ದೃಷ್ಟಾಂತವನ್ನು ತಂದನು. ಬದುಕೆಲ್ಲವನ್ನೂ ಮನೆಯೊಳಗೇ ಕಳೆದು, ಹತ್ತಿರದ ಬೇಲೂರು ಹಳೇಬೀಡುಗಳನ್ನೂ ನೋಡದೆ ಉಳಿದಿದ್ದ ತಾಯಿಗೆ ದೇಶವನ್ನೇ ತೋರಿಸುವೆನೆಂದು, ಇದ್ದ ಉದ್ಯೋಗವನ್ನು ಬಿಟ್ಟು, ತಂದೆಯು ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಆಕೆಯನ್ನು ಕೂರಿಸಿಕೊಂಡು 2018ರಲ್ಲಿ ಹೊರಟ ಆ ಮಹನೀಯರ ವೃತ್ತಾಂತವನ್ನು ಪತ್ರಿಕೆಗಳಲ್ಲಿ ಓದದ ಕನ್ನಡಿಗರು ವಿರಳ. "ಅವರು ಸ್ಕೂಟರಿನಲ್ಲಿ ಕರಕೊಂಡು ಹೋದರು ಕಣಮ್ಮಾ, ನಾನು ಬಸ್ಸನ್ನೇ ತರ್ತೀನಿ" ಎಂದನು ನನ್ನ ಮಗ.

"ಆ ತಾಯಿ ಪುಣ್ಯವಂತೆ ಕಣಪ್ಪ" ಎಂದಳು ಆಕೆ, ಅಕ್ಕಿಯಲ್ಲಿನ ಕಲ್ಲನ್ನು ಆರಿಸುತ್ತ. "ಮಗ ಸ್ಕೂಟರು ತಂದ. ಅಡಿಗೆಮನೇನ ಹಿಂದೆ ಕಟ್ಟಿಕೊಂಡು ಬರಲಿಲ್ಲ."

ಈ ಮಾತಿಗೆ ಇಂದಿಗೂ ಮಗನಿಂದ ಉತ್ತರ ಬಂದಿಲ್ಲ. ಬಸ್ಸು ಮಾತ್ರ ಬಂದಿತು.

ಬಸ್ಸೆಂದೆನೇ ಹೊರತು, ಅದು ಗಡಿಯಾಚೆ ಅತ್ತಿಬೆಲೆಯ ಕಡೆಯ ಶಾಲೆಯೊಂದರ ಹಳದಿ ವ್ಯಾನು. ದಲ್ಲಾಳಿಯು ಅದರ ಗುಣಗಳನ್ನು ವರ್ಣಿಸುತ್ತ, ಸ್ಪೀಡ್ ಗವರ್ನರ್ ಇದ್ದುದರಿಂದ ಒಂದು ದಿನವೂ ಇದು ಜೋರಾಗಿ ಓಡಿಲ್ಲವೆಂದೂ, "ಇದರಲ್ಲಿ ಕೂತಿರೋದು ಬರೀ ಮಕ್ಕಳು ಸಾರ್" ಎಂದೂ ಹೇಳಿದನು. ಬರಿಯ ಮಕ್ಕಳು ಕುಳಿತ ವಸ್ತುವು ಎಂತಹ ಸ್ಥಿತಿಯಲ್ಲಿರುತ್ತದೆಂಬುದನ್ನು ಜೀವಮಾನವೆಲ್ಲ ಮೇಷ್ಟರಾಗಿದ್ದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಸನಗಳನ್ನು ಕೀಳುವ ದಿನ ನಾನೂ ಅಲ್ಲಿಯೇ ನಿಂತಿದ್ದೆನು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಹನಿಸಿ, ಸ್ಪ್ಯಾನರಿಗೆ ಮಣಿಯದವನ್ನು ಉಳಿಯಿಂದ ಕತ್ತರಿಸಿ, ಒಂದೊಂದಾಗಿ ಸೀಟುಗಳನ್ನು ಹೊರಗೆಳೆದಂತೆ, ಅವುಗಳ ಸಂದುಗಳಿಂದ ಬೆರಳುದ್ದದ ಪೆನ್ಸಿಲುಗಳು, ಹುಣಿಸೆಬೀಜಗಳು, ಒಂದು ಬಿಳಿಯ ಕಾಲುಚೀಲ, ಅರ್ಧ ತಿಂದು ಕಲ್ಲಾಗಿದ್ದ ಒಂದು ಚಕ್ಕುಲಿ, ಅಪ್ಪನ ಸಹಿಗಾಗಿ ಕಳುಹಿಸಲ್ಪಟ್ಟು ಅಪ್ಪನನ್ನು ತಲಪದಿದ್ದ ಒಂದು ಅಂಕಪಟ್ಟಿ ಇವೆಲ್ಲವೂ ಉದುರಿದವು. ಕೊನೆಯ ಸಾಲಿನ ಸೀಟಿನ ಬೆನ್ನಿನಲ್ಲಿ ಯಾರೋ ಒಬ್ಬ ಉಪಾಧ್ಯಾಯರ ಹೆಸರನ್ನು ಕೈವಾರದ ಮೊನೆಯಿಂದ ಕೆತ್ತಿ, ಅದರ ಮುಂದೆ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ವಿಶೇಷಣವನ್ನು ಸೇರಿಸಿದ್ದರು. ಎರಡೂ ಸಮಾನಾರ್ಥಕಗಳು. ಗಡಿನಾಡಿನಲ್ಲಿ ಭಾಷಾಸಾಮರಸ್ಯವಿಲ್ಲವೆನ್ನುವವರು ಈ ಸೀಟನ್ನು ನೋಡಬೇಕಾಗಿತ್ತು.

ಇನ್ನು ಕಾಗದಪತ್ರಗಳ ಪ್ರಕರಣ. ನನ್ನ ಕಲ್ಲುಮಣ್ಣಿನ ಮನೆಯು ಮೂರು ಜಿಲ್ಲೆಗಳನ್ನು ಸಂಚರಿಸಿದಾಗ ಯಾವ ಅರ್ಜಿಯನ್ನೂ ಯಾರೂ ಕೇಳಿರಲಿಲ್ಲ. ಆದರೆ ಗಾಲಿಯುಳ್ಳ ಈ ಮನೆಯು ಕರ್ನಾಟಕದ ನಂಬರಿನೊಡನೆ ತಮಿಳುನಾಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಹೊಸ ನಂಬರನ್ನು ಪಡೆಯತಕ್ಕದ್ದು. ಅದಕ್ಕೆ ಮೊದಲು ಹಳೆಯ ಊರಿನಿಂದ ಎನ್‌ಒಸಿ ತರತಕ್ಕದ್ದು. ಅಷ್ಟೇ ಅಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ಗಾಡಿಯನ್ನು ತಯಾರಕನು ಯಾವ ರೂಪದಲ್ಲಿ ಸೃಷ್ಟಿಸಿದನೋ ಅದನ್ನು ಮಾಲೀಕನು ಮನಬಂದಂತೆ ಬದಲಿಸುವ ಹಾಗಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ನುಡಿದಿದೆ. ಕ್ಯಾಂಪರ್ ವ್ಯಾನೆಂಬ ಒಂದು ವರ್ಗವು ಸರ್ಕಾರದ ವಾಹನಗಳ ಪಟ್ಟಿಯಲ್ಲಿ ಇದೆಯಾದರೂ, ಶಾಲಾ ವ್ಯಾನೊಂದು ಆ ವರ್ಗವನ್ನು ಸೇರುವುದು ವಿಶ್ವಾಮಿತ್ರನು ಬ್ರಹ್ಮರ್ಷಿಯಾದುದಕ್ಕಿಂತ ಸುಲಭವೇನಲ್ಲ. ಬಣ್ಣ ಬದಲಿಸುವುದಕ್ಕೂ ಅನುಮತಿ ಬೇಕು. ಮಗನು ಈ ಕಛೇರಿಗಳನ್ನು ಸುತ್ತಿ ಸುತ್ತಿ, ಗಾಡಿಯು ಓಡುವುದಕ್ಕೆ ಮೊದಲೇ ಭರತಖಂಡದ ಅರ್ಧದಷ್ಟು ದೂರವನ್ನು ತಾನೊಬ್ಬನೇ ಕ್ರಮಿಸಿದನೆಂದು ನನ್ನ ಅಂದಾಜು. ಪುಷ್ಪಕವಿಮಾನವನ್ನು ಕುಬೇರನಿಂದ ರಾವಣನು ಕಿತ್ತುಕೊಂಡನು, ಆಮೇಲೆ ಅದರಲ್ಲಿ ಶ್ರೀರಾಮನು ಸಪರಿವಾರನಾಗಿ ಅಯೋಧ್ಯೆಗೆ ಬಂದನು. ಎಲ್ಲಿಯೂ ಮಾಲೀಕತ್ವದ ವರ್ಗಾವಣೆಯ ಮಾತೇ ಇಲ್ಲ. ಯುಗಧರ್ಮ!

ಬಸ್ಸಿನ ಬಾಡಿ ಕಟ್ಟಲು ಕರೂರಿದೆ, ಲಾರಿಯದಕ್ಕೆ ನಾಮಕ್ಕಲ್ಲಿದೆ. ನಮ್ಮವರು ಉಳಿತಾಯದ ದೃಷ್ಟಿಯಿಂದ ಊರಿನ ಬಡಗಿಯನ್ನೇ ನೆಚ್ಚಿದರು. ಆತನು ಬಾಗಿಲು ಕಿಟಕಿಗಳಲ್ಲಿ ನಿಪುಣನಾದರೂ, ಗೋಡೆಗಳು ನೆಟ್ಟಗಿರತಕ್ಕವೆಂಬ ನಂಬಿಕೆಯಲ್ಲಿ ಬೆಳೆದವನು. ವ್ಯಾನಿನ ಮೈಯಾದರೋ ಎಲ್ಲಿಯೂ ನೆಟ್ಟಗಿಲ್ಲ. ಅವನು ರಸಮಟ್ಟವನ್ನಿಟ್ಟು ಕಪಾಟನ್ನು ನೆಟ್ಟಗೆ ನಿಲ್ಲಿಸಿದರೆ ಅದು ಗಾಡಿಗೆ ಓರೆ. ಗಾಡಿಗೆ ಹೊಂದಿಸಿದರೆ ಭೂಮಿಗೆ ಓರೆ. ಇದರ ನಡುವೆ ವಾಸ್ತು ತಿಳಿದ ನಮ್ಮ ಬಂಧುವೊಬ್ಬರು ದಯಮಾಡಿಸಿ, ಬಾಗಿಲು ಪೂರ್ವಕ್ಕಿರಬೇಕೆಂದು ವಿಧಿಸಿದರು. ವ್ಯಾನಿನ ಬಾಗಿಲು ಎಡಗಡೆಗೆ. ಅದು ಪೂರ್ವಕ್ಕಾಗಬೇಕಾದರೆ ಗಾಡಿಯ ಮೂತಿಯು ದಕ್ಷಿಣಕ್ಕೆ, ಎಂದರೆ ಯಮನ ದಿಕ್ಕಿಗೆ ತಿರುಗಬೇಕು. ಬಂಧುಗಳು ಬಹಳ ಹೊತ್ತು ಕಣ್ಣು ಮುಚ್ಚಿ ಆಲೋಚಿಸಿ, ರಾಯಕೋಟೆಯ ಕಡೆಗೆ ಹೊರಟಾಗ ಮನೆಯು ಶುಭವೆಂದೂ, ಹೊಸೂರಿನ ಕಡೆಗೆ ಹೊರಟಾಗ ಅಶುಭವೆಂದೂ, ತಿರುವುಗಳಲ್ಲಿ ಮಿಶ್ರಫಲವೆಂದೂ ನಿರ್ಣಯವಿತ್ತು ಕಾಫಿ ಕುಡಿದರು. ಪುರೋಹಿತರಿಗೂ ಧರ್ಮಸಂಕಟವೇ ಆಯಿತು. ಇದು ಗೃಹಪ್ರವೇಶವೋ ವಾಹನಪೂಜೆಯೋ? ಕಡೆಗೆ ಒಳಗೆ ಹಾಲುಕ್ಕಿಸಿ, ಹೊರಗೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಎರಡು ಕರ್ಮಗಳಿಗೂ ಪ್ರತ್ಯೇಕ ದಕ್ಷಿಣೆಯನ್ನು ಸ್ವೀಕರಿಸಿದರು.

ನನ್ನ ಪತ್ನಿಯ ಆಕ್ಷೇಪಣೆಗಳು ಶಾಸ್ತ್ರೀಯವಾದುವಲ್ಲ, ಮುದ್ದೆಗೆ ಸಂಬಂಧಿಸಿದುವು. ಇಲ್ಲಿ ಕೊಂಚ ವಿವರ ಅವಶ್ಯಕ. ರಾಗಿಮುದ್ದೆಯೆಂಬುದು ಬೇಯಿಸುವ ಪದಾರ್ಥವಲ್ಲ, ಮಲ್ಲಯುದ್ಧದಲ್ಲಿ ಗೆಲ್ಲಬೇಕಾದ ಪದಾರ್ಥ. ಎಸರು ಕುದಿದು ಹಿಟ್ಟು ಬಿದ್ದು ಬೆಂದ ಮೇಲೆ, ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದನ್ನು ಅಲುಗದಂತೆ ಅದುಮಿ ಹಿಡಿದು, ಹಿಟ್ಟಿನ ಕೋಲನ್ನು ಎರಡು ಕೈಗಳಿಂದಲೂ ಮೈಭಾರವನ್ನೆಲ್ಲ ಹಾಕಿ ತಿರುವಬೇಕು. ಇದಕ್ಕೆ ಭೂಮಿಯ ಸಹಕಾರ ಬೇಕು. ಸೊಸೆಯು ಚಿತ್ರಗಳಲ್ಲಿ ಕಂಡಂತೆ ಸೊಂಟದೆತ್ತರಕ್ಕೆ ಪ್ಲೈವುಡ್ಡಿನ ಕಟ್ಟೆಯನ್ನು ಮಾಡಿಸಿ, ಎರಡು ಒಲೆಗಳನ್ನು ಕೂರಿಸಿದ್ದಳು. ಮೊದಲ ದಿನ ನನ್ನಾಕೆ ಅದರ ಪಕ್ಕದ ನೆಲದಲ್ಲಿ ಕುಳಿತು ಕೋಲು ತಿರುವಿದೊಡನೆ, ಗಾಡಿಯ ಅಡಿಯ ಸ್ಪ್ರಿಂಗುಪಟ್ಟಿಗಳು ಕಿರುಗುಟ್ಟಿ, ಮೈಯೆಲ್ಲವೂ ತಾಳಬದ್ಧವಾಗಿ ತೂಗಾಡಿ, ಕೊಕ್ಕೆಯಲ್ಲಿದ್ದ ಸೌಟುಗಳು ಜಾಗಟೆ ಬಾರಿಸಿ, ಮೇಲಿನ ಮಂಚದಲ್ಲಿ ಓದುತ್ತಿದ್ದ ನನ್ನ ಕನ್ನಡಕವು ಸಾರಿನ ಪಾತ್ರೆಗೆ ಬಿದ್ದಿತು. ಹೊರಗೆ ಹಾದುಹೋಗುತ್ತಿದ್ದವರು, ನಿಂತ ಗಾಡಿ ಓಡುತ್ತಿರುವಂತೆ ಕಂಡು ದಾರಿ ಬಿಟ್ಟರು. ಅಂದಿನಿಂದ ಮುದ್ದೆಯ ಹೊತ್ತಿಗೆ ನಾಲ್ಕು ಚಕ್ರಗಳಿಗೂ ಕಲ್ಲು ಕೊಡುವುದು ಮೊಮ್ಮಗನ ಅಧಿಕಾರವಾಯಿತು.

ಹೊರಡುವ ಮುನ್ನ ತೂಕ ನೋಡಿಸಬೇಕೆಂದು ಮೆಕ್ಯಾನಿಕ್ಕನು ಹೇಳಿದುದರಿಂದ, ಟೊಮೇಟೊ ಲಾರಿಗಳ ಸಾಲಿನಲ್ಲಿ ನಿಂತು ನಮ್ಮ ಸಂಸಾರವನ್ನು ವೇ ಬ್ರಿಡ್ಜಿನ ಮೇಲೆ ಹತ್ತಿಸಿದೆವು. ಚೀಟಿ ಬರೆಯುವವನು ಏನು ಲೋಡೆಂದು ಕೇಳಿದನು, ಸಂಸಾರವೆಂದೆನು, ಅವನು ಬರೆದುಕೊಂಡನು. ಭಾರ ಮಿತಿಮೀರಿತ್ತು. ಇನ್ನೂರು ಲೀಟರು ನೀರೆಂದರೆ ಇನ್ನೂರು ಕಿಲೋ ಎಂಬ ಸತ್ಯವು ನಲ್ಲಿಯ ನೀರನ್ನು ಕುಡಿದು ಬದುಕುವವನಿಗೆ ಎಂದೂ ಹೊಳೆಯುವುದಿಲ್ಲ. ಗೋಡೆ ಚಾವಣಿಗಳನ್ನು ಹೊತ್ತು ನಿಂತಿರುವ ಭೂದೇವಿಯು ತೂಕದ ಚೀಟಿಯನ್ನು ಕೊಡುವವಳಲ್ಲ. ನನ್ನ ಪುಸ್ತಕಗಳು ಮೊದಲು ಇಳಿದವು; ಬಳಿಕ ಸೊಸೆಯ ವ್ಯಾಯಾಮದ ಕಬ್ಬಿಣ; ಬಳಿಕ ಮಗನ ಎರಡನೆಯ ಬ್ಯಾಟರಿ. ಒರಳುಕಲ್ಲು ಇಳಿಯಲಿಲ್ಲ. ಅದರ ವಿಚಾರವನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಸಾರವನ್ನು ಕಟ್ಟಿಕೊಂಡು ಊರೂರು ಅಲೆಯುವ ವಿದ್ಯೆಯು ನಮ್ಮವರಿಗೆ ತಿಳಿಯದುದೇನಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಕಂಪೆನಿಯು ಪರದೆ, ಪಾತ್ರೆ, ಪರಿವಾರಗಳೊಡನೆ ಒಂದು ಸಣ್ಣ ಊರನ್ನೇ ಸಾಗಿಸುತ್ತಿತ್ತು. ಆದರೆ ಅವರಿಗೆ ಕ್ಯಾಂಪಿನ ಊರೆಂಬುದೊಂದು ಮುಂದೆ ಕಾದಿರುತ್ತಿತ್ತು. ಸಾಮಾನ್ಯ ಪ್ರಯಾಣಿಕನಿಗೂ ನಮ್ಮ ಹಿರಿಯರು ಹಾದಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿ, ಮನೆಯನ್ನು ಹೊತ್ತುಕೊಂಡು ಹೋಗುವ ಶ್ರಮವನ್ನು ತಪ್ಪಿಸಿದ್ದರು. ಈಗ ಛತ್ರಗಳು ಕಲ್ಯಾಣಮಂಟಪಗಳಾಗಿವೆ. ನಮ್ಮ ಮನೆಗೆ ರಾತ್ರಿ ನಿಲ್ಲಲು ಸ್ಥಳವಿಲ್ಲ. ಡೆಂಕಣಿಕೋಟೆ, ಅಂಚೆಟ್ಟಿಗಳ ಮೇಲೆ ಹೊಗೇನಕಲ್ಲಿಗೆ ಹೋದ ನಮ್ಮ ಮೊದಲ ಪ್ರಯಾಣದಲ್ಲಿ ಪೆಟ್ರೋಲು ಬಂಕಿನ ಮೂಲೆಯಲ್ಲಿ, ಲಾರಿಗಳ ನಡುವೆ ಮಲಗಿದೆವು. ಬಣ್ಣದ ಅನುಮತಿ ಇನ್ನೂ ಬಾರದೆ ಗಾಡಿಯು ಹಳದಿಯಾಗಿಯೇ ಇದ್ದುದರಿಂದ, ಬೆಳಿಗ್ಗೆ ದಾರಿಯುದ್ದಕ್ಕೂ ಸಮವಸ್ತ್ರದ ಮಕ್ಕಳು ಕೈ ಅಡ್ಡ ಹಿಡಿದರು. ನಿಧಾನಿಸಿದ ಒಂದು ಕಡೆ ಕೊತ್ತಂಬರಿಯ ಕಟ್ಟುಗಳೊಡನೆ ಒಬ್ಬ ಮುದುಕಿಯು ಹತ್ತಿಯೇಬಿಟ್ಟು, ನನ್ನ ಹಾಸಿಗೆಯ ಮೇಲೆ ಕುಳಿತು, ಟಿಕೆಟ್ಟಿಗೆಂದು ಸೆರಗಿನ ಗಂಟು ಬಿಚ್ಚಿದಳು. ಆಕೆಯನ್ನು ಇಳಿಸಬೇಕಾದೆಡೆಯಲ್ಲಿ ಇಳಿಸಿದೆವು. ಕೊತ್ತಂಬರಿಯ ಒಂದು ಕಟ್ಟು ನಮ್ಮ ಪಾಲಿಗೆ ಉಳಿಯಿತು. ಈವರೆಗಿನ ಲೆಕ್ಕದಲ್ಲಿ ಗಾಡಿಯು ತಂದ ವರಮಾನ ಅದೊಂದೇ.

ಹಿಂದಿರುಗುವಾಗ ಘಾಟಿಯ ಏರಿನಲ್ಲಿ ಹಿಂದಿನ ಆಕ್ಸಲಿನಿಂದ ಒಂದು ಶಬ್ದವು ಬಂದಿತು. ಹೇಗೋ ಊರು ಸೇರಿ, ನಮ್ಮ ಮನೆಯ ಅಂಗಳದ ಹೊಂಗೆಮರದ ಕೆಳಗೆ ನಿಂತ ಗಾಡಿಯು ಮತ್ತೆ ಕದಲಲಿಲ್ಲ. ಬೇಕಾದ ಬಿಡಿಭಾಗವು ಬರಬೇಕಾಗಿದೆ. ನಮ್ಮ ಮನೆಯೆಂದೆನಷ್ಟೆ; ಹೊರಡುವ ಮುನ್ನ ಅದನ್ನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಯುವದಂಪತಿಗಳಿಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದೆವು. ಆದುದರಿಂದ ನಾವು ಈಗ ಸ್ವಂತ ಮನೆಯ ಅಂಗಳದಲ್ಲಿ ಅತಿಥಿಗಳು. ನಮ್ಮ ದೀಪಗಳಿಗೆ ಅವರ ಜಗಲಿಯಿಂದ ಒಂದು ತಂತಿ ಬಂದಿದೆ. ನನ್ನ ಹೆಸರಿನಲ್ಲಿಯೇ ಬರುವ ಕರೆಂಟು ಬಿಲ್ಲಿನಲ್ಲಿ ನನ್ನ ಪಾಲನ್ನು ನನ್ನ ಬಾಡಿಗೆದಾರನು ಲೆಕ್ಕ ಹಾಕಿ ಎರಡು ತಿಂಗಳಿಗೊಮ್ಮೆ ಸಂಕೋಚದಿಂದ ಕೇಳುತ್ತಾನೆ. ಬಹಳ ಒಳ್ಳೆಯ ಹುಡುಗ.

ಮೊನ್ನೆ ಸಂಜೆ ಅವನು ಬಂದು, ಬಾಗಿಲ ಮೆಟ್ಟಿಲಿನ ಬಳಿ ಕೈಕಟ್ಟಿ ನಿಂತನು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಮಗೂಗೆ ನಾಮಕರಣ ಇಟ್ಕೊಂಡಿದೀವಿ. ಅಂಗಳದಲ್ಲಿ ಶಾಮಿಯಾನ ಹಾಕಿಸ್ಬೇಕು. ಗಾಡೀನ ಒಂದೆರಡು ದಿನದ ಮಟ್ಟಿಗೆ ಎಲ್ಲಾದ್ರೂ..."

ನಾನು ಆಕ್ಸಲಿನ ವೃತ್ತಾಂತವನ್ನು ಸವಿಸ್ತಾರವಾಗಿ ಆರಂಭಿಸುವಷ್ಟರಲ್ಲಿ ಒಳಗಿನಿಂದ, ಕೋಲು ತಿರುವುತ್ತಿದ್ದ ನನ್ನ ಪತ್ನಿಯು ಏದುಸಿರಿನ ನಡುವೆಯೇ ಕೂಗಿ ಹೇಳಿದಳು: "ಗಾಡಿ ಎಲ್ಲಿಗೂ ಹೋಗಲ್ಲ ಕಣಪ್ಪ. ಶಾಮಿಯಾನಾನೇ ಇನ್ನೂ ನಾಲ್ಕು ಮಾರು ಉದ್ದಕ್ಕೆ ಎಳೆಸು. ಮಧ್ಯಾಹ್ನ ಈ ತಗಡಿನೊಳಗೆ ಕೂರೋಕಾಗಲ್ಲ."

ಹುಡುಗನು ಗಾಡಿಯ ಉದ್ದವನ್ನು ಹೆಜ್ಜೆಯಿಂದ ಅಳೆದು ನೋಡಿದನು. ಶಾಮಿಯಾನದ ಬಾಡಿಗೆಯಲ್ಲಿ ಮೂರನೆಯ ಒಂದು ಪಾಲು ನಮ್ಮದೆಂದು ಗೊತ್ತಾಯಿತು.